ಬಿಡಿ ಬಿಡಿ ಪೆಟ್ಟು

ಮಾಟುಂಗಾ ದಾಟಿದ ಮೇಲೆ ಗಾಲಿಗಳು ಒಂದು ಪೆಟ್ಟು ತಪ್ಪಿಸಿದವು, ತಕಧಿಮಿ ತಕಧಿಮಿ ತಕ— ಹಳಿ ಬದಲಾಯಿತು ಅಷ್ಟೆ, ಸುಬ್ಬಲಕ್ಷ್ಮಿ, ಎಲ್ಲದರಲ್ಲೂ ತಾಳ ಹುಡುಕಬೇಡ, ತೊಡೆಯ ಮೇಲೆ ಎಣಿಸುವ ಬೆರಳನ್ನು ಮೊದಲು ನಿಲ್ಲಿಸು, ಎದುರು ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿರುವ ಹೆಂಗಸು ಆಗಿನಿಂದ ನೋಡುತ್ತಿದ್ದಾಳೆ, ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ಶನಿವಾರ, ಬ್ಯಾಂಕು ಅರ್ಧ ದಿನ, ನಾಲ್ಕು ಗಂಟೆಗೆ ಬಂಡೆಪ್ಪ ಧೋಲಕ್ ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಾನೆ, ನನ್ನ ಕ್ಯಾಸೆಟ್ಟಿಗೆ ಬಾರಿಸುವುದಕ್ಕೆ, ಬಾರಿಸಲು ಏನೂ ಉಳಿದಿಲ್ಲ ಎಂದು ನಾನಿನ್ನೂ ಅವನಿಗೆ ಹೇಳಿಲ್ಲ. ಹೇಳ್ಬಿಡೇ, ಅದಕ್ಕೇನು ಮುಹೂರ್ತ ನೋಡ್ಬೇಕಾ, ಎಂದರು ರಾಮಸ್ವಾಮಿ ಬೆಳಿಗ್ಗೆ ಬೂಟು ಒರೆಸುತ್ತಾ, ನನ್ನ ಗಂಡನಿಗೆ ಎಲ್ಲವೂ ಸುಲಭ, ನಾನು ಮೂರು ವಾರದಿಂದ ಮುಹೂರ್ತವನ್ನೇ ನೋಡುತ್ತಿದ್ದೇನೆ. ಬ್ಯಾಗಿನಲ್ಲಿ ಕ್ಯಾಸೆಟ್ಟಿನ ಕವರಿನ ಪ್ರೂಫು ಇದೆ, ಫೋರ್ಟಿನ ಪ್ರೆಸ್ಸಿನವನು ಮಧ್ಯಾಹ್ನ ಕೊಟ್ಟ, ಸೋಮವಾರ ತಿದ್ದಿ ಕೊಡಬೇಕು, ಗಾಯನ ಮತ್ತು ಸಂಗೀತ ಸುಬ್ಬಲಕ್ಷ್ಮಿ ರಾಮಸ್ವಾಮಿ, ಅದರ ಕೆಳಗೆ ತಾಳವಾದ್ಯ ಕಂಪ್ಯೂಟರ್, ಹಾಗೆ ಬರೆದುಕೊಟ್ಟವಳು ನಾನೇ, ಎಷ್ಟು ಜಂಬದಿಂದ ಬರೆದಿದ್ದೆ. ಮತ್ತೆ ಬಂಡೆಪ್ಪನ ಹೆಂಡತಿ ಗುರುಬಾಯಿ, ಅಸಲ್ಫಾದ ತಮ್ಮ ಚಾಳಿನವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ನಮ್ಮವರ ಹೆಸರು ಕ್ಯಾಸೆಟ್‌ನ್ಯಾಗ ಬರ್ತೈತಿ, ಓದಲು ಬರುವುದಿಲ್ಲ ಅವಳಿಗೆ, ಎಲ್ಲಿ ಬರ್ತೈತಿ ತೋರ್ಸಿ ಕೊಡ್ರೀ ಅಕ್ಕಾರ, ಅಲ್ಲಿ ಬೊಟ್ಟಿಟ್ಟು ಗುರ್ತ ಹಿಡೀತೀನಿ, ಎಂದಿದ್ದಳು, ನಾನು ನಕ್ಕು ತಲೆಯಾಡಿಸಿದ್ದೆ. ಸಾಯನ್ ಬಂತು, ಇಳಿಯುವವರು ಕಡಿಮೆ, ಹತ್ತುವವರು ಜಾಸ್ತಿ, ಝರಾ ಸರಕೋ ನಾ, ಸರಿದೆ.

ಆರು ವರ್ಷದ ಹಿಂದೆ ಬಚ್ಚಲಿಗೆ ಟೈಲ್ಸ್ ಕೂಡಿಸಲು ಬಂದವನು, ಕೂಡಿಸಿದ ಒಂದೊಂದು ಟೈಲನ್ನೂ ಬೆರಳ ತುದಿಯಿಂದ ಬಡಿದು ಕಿವಿಗೊಡುತ್ತಿದ್ದ, ಇದು ಪೊಳ್ಳೈತ್ರೀ ಅಕ್ಕಾರ, ತಗೀಬೇಕು, ಆ ಬೆರಳು ನೋಡಿಯೇ ನಾನು ಕೇಳಿದ್ದು, ಬಂಡೆಪ್ಪ, ನೀವೇನಾದ್ರೂ ಬಾರಿಸ್ತೀರಾ, ಹೂಂನ್ರೀ, ಊರಾಗ ಭಜನೀಗೆ ಧೋಲಕ್ ಬಾರಸ್ತಿದ್ನಿ. ಅಂದಿನಿಂದ ನಮ್ಮ ಸೊಸೈಟಿಯ ಸಭಾಂಗಣದ ಭಜನೆಗೆ ಅವನೇ, ನಾನು ಹಾಡುವುದು, ಅವನು ಬಾರಿಸುವುದು, ಎಲ್ಲ ಚೆನ್ನಾಗಿಯೇ ಇತ್ತು, ಒಂದನ್ನು ಬಿಟ್ಟು— ಅವನು ಎಳೆಯುತ್ತಾನೆ, ಚರಣದ ಎರಡನೇ ಸಾಲಿಗೆ ಹೋಗುವಾಗ ಲಯ ಜಗ್ಗಿಬಿಡುತ್ತಾನೆ, ಪಾಪ, ಕಲಿತವನಲ್ಲವಲ್ಲ, ನಾನಾದರೋ ಮೈಸೂರಿನಲ್ಲಿ ಹನ್ನೊಂದು ವರ್ಷ ತೊಡೆ ಕೆಂಪಾಗುವಂತೆ ತಾಳ ಹಾಕಿ ಕಲಿತವಳು, ನನಗೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ದಾದರಿನ ಜಾಹೀರಾತು ಸಂಗೀತದವನು ಹೊಸದು ಕೊಂಡು ಹಳೆಯ ಕಂಪ್ಯೂಟರ್ ಮಾರಿದಾಗ ಅದಕ್ಕೇ ಅಲ್ಲವೇ ಅಷ್ಟು ಹಟ ಮಾಡಿ ಮನೆಗೆ ತಂದದ್ದು. ಇದೂ ನಿಮ್ಮ ಬ್ಯಾಂಕಿನವರ ಹಾಗೆ, ಒಂದು ಸೆಕೆಂಡು ಆಚೀಚೆ ಆಗೋದಿಲ್ಲ ಮೇಡಂ, ಎಂದಿದ್ದ ಅವನು. ಇಡೀ ಹಾಡು ಅದರ ಹೊಟ್ಟೆಗೆ ಹಿಡಿಸದು, ಪೆಟ್ಟುಗಳಾದರೆ ಹಿಡಿಸುತ್ತವೆ, ಬಿಡಿ ಬಿಡಿಯಾಗಿ ತುಂಬಿಟ್ಟರೆ ತಾನೇ ಪೋಣಿಸಿ ಬಾರಿಸುತ್ತದೆ, ಹಾಡನ್ನು ಮಾತ್ರ ಟೇಪಿಗೆ ಹಾಕಿಕೊಂಡರಾಯಿತು. ಫ್ಯಾನು ಆರಿಸಿ, ಕಿಟಕಿಗೆ ಹಾಸಿಗೆ ಒತ್ತಿಟ್ಟು, ಬಂಡೆಪ್ಪನನ್ನು ಮೈಕಿನ ಮುಂದೆ ಕೂಡಿಸಿದೆ, ಒಂದೊಂದೇ ಹೊಡೀರಿ, ಧಾ, ನಿಲ್ಲಿ, ನಾ, ನಿಲ್ಲಿ. ಬೆವರು ಸುರಿಸುತ್ತಾ ನಕ್ಕ, ಇದೇನ್ರೀ ಅಕ್ಕಾರ, ಕಾಳು ಆರಿಸಿಧಂಗಾತು, ಹಿಂಗ ಹೊಡದ್ರ ಬಾರ್ಸೂದು ಯಾವಾಗ್ರೀ? ಇದು ಮೈಕಿನ ಪರೀಕ್ಷೆಗೆ ಬಂಡೆಪ್ಪ, ಎಂದೆ, ಸುಳ್ಳು, ನಾಲಿಗೆ ಮೇಲೆ ಎಷ್ಟು ಸಲೀಸಾಗಿ ಬಂತು. ಆ ವಾರವೇ ಪೆಟ್ಟುಗಳನ್ನು ಪೋಣಿಸಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ನನ್ನ ಆನಂದವೇ ಆನಂದ, ಹಾಡಲು ನಿಂತೆ, ಎರಡನೇ ಸಾಲಿಗೆ ಬಂದೆ— ಯಂತ್ರ ನನ್ನನ್ನು ಬಿಟ್ಟು ಮುಂದೆ ಹೋಯಿತು. ಮತ್ತೆ ಹಾಡಿದೆ, ಮತ್ತೆ ಹೋಯಿತು. ಯಂತ್ರ ಕೆಟ್ಟಿದೆ ಅಂದುಕೊಂಡೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹನ್ನೊಂದನೇ ಸಲ ಗೊತ್ತಾಯಿತು, ಅಲ್ಲಿ ನನ್ನ ಉಸಿರು ಸಾಲುವುದಿಲ್ಲ, ಪ್ರತಿ ಸಲವೂ ಸಾಲುವುದಿಲ್ಲ, ಆರು ವರ್ಷ ಎಳೆದದ್ದು ಅವನಲ್ಲ, ನಾನು, ನಾನು ಉಸಿರು ತೆಗೆದುಕೊಳ್ಳುವವರೆಗೆ ಅವನು ಕೈಯೆತ್ತಿ ಕಾದಿದ್ದಾನೆ, ಒಂದು ದಿನವೂ ಬಾಯಿ ಬಿಟ್ಟಿಲ್ಲ. ನಾಚಿಕೆಯಾಯಿತು, ಅಡುಗೆಮನೆಗೆ ಹೋಗಿ ಅತ್ತೆ. ಅತ್ತು ಬಂದು ಏನು ಮಾಡಿದೆ ಸುಬ್ಬಲಕ್ಷ್ಮಿ, ಅವನನ್ನು ಕರೆದೆಯಾ, ಇಲ್ಲ, ಕೂತು ಎಂಟು ಹಾಡುಗಳಲ್ಲಿ ನನ್ನ ಉಸಿರು ಸಾಲದ ಕಡೆಗಳನ್ನೆಲ್ಲ ಹುಡುಕಿ, ನಲವತ್ತೊಂದು ಕಡೆ, ಅಲ್ಲೆಲ್ಲ ಚೂರು ತಡೆ ಎಂದು ಯಂತ್ರಕ್ಕೆ ಹೇಳಿಕೊಟ್ಟೆ.

ಘಾಟ್ಕೋಪರ್, ಇಳಿ, ಇಳಿ, ಸೇತುವೆಯ ಮೆಟ್ಟಿಲು, ಹೇಳುತ್ತೇನೆ, ಇವತ್ತು ಹೇಳಿಯೇಬಿಡುತ್ತೇನೆ, ಬಂಡೆಪ್ಪ, ಕಾಲ ಬದಲಾಯಿತು— ಛೀ, ಕಾಲದ ತಲೆಯ ಮೇಲೇಕೆ ಹಾಕುತ್ತೀ. ಬಾಗಿಲಲ್ಲಿ ಅವನ ಚಪ್ಪಲಿ ಆಗಲೇ ಇದೆ, ಸಿಮೆಂಟು ಮೆತ್ತಿದ ಚಪ್ಪಲಿ, ಒಳಗೆ ರಾಮಸ್ವಾಮಿ ಕಾಫಿ ಕೊಟ್ಟಿದ್ದಾರೆ, ಬಂಡೆಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದಾನೆ, ಧ್ವನಿ ಹಿಡಿಯುವುದಕ್ಕೂ ಇಸ್ತ್ರಿಯ ಅಂಗಿ, ಬರ್ರೀ ಅಕ್ಕಾರ, ಧೋಲಕ್ ಬಿಗದ ತಂದೀನಿ. ಹೇಳುವ ಬದಲು ಹೆಡ್‌ಫೋನ್ ಅವನ ಕಿವಿಗೇರಿಸಿ ಗುಂಡಿ ಒತ್ತಿದೆ, ಕೋಣೆಯಲ್ಲಿ ಸದ್ದಿಲ್ಲ, ಹಾಡು ಅವನೊಬ್ಬನಿಗೆ, ನನಗೆ ಕಾಣುವುದು ಅವನ ಮೊಣಕಾಲ ಮೇಲಿನ ಬೆರಳು ಮಾತ್ರ, ತಟ್ಟುತ್ತಿದೆ, ಆ ಬೆರಳಿನಿಂದಲೇ ಹಾಡು ಎಲ್ಲಿದೆಯೆಂದು ಗೊತ್ತಾಗುತ್ತದೆ, ಪಲ್ಲವಿ, ಚರಣ, ಮೊದಲ ಸಾಲು, ಎರಡನೇ ಸಾಲಿನ ಅಂಚು, ಬೆರಳು ಮೇಲೆದ್ದು ಗಾಳಿಯಲ್ಲಿ ನಿಂತಿತು, ನನಗೆ ಕಾಯುವುದಕ್ಕೆ, ಅಷ್ಟರಲ್ಲಿ ಯಂತ್ರವೂ ನಿಂತಿರಬೇಕು, ಬೆರಳು ಇಳಿಯದೆ ಹಾಗೇ ಉಳಿಯಿತು. ಮುಖ ಸಣ್ಣದಾಯಿತು. ಒಂದು ಕಿವಿ ಬಿಡಿಸಿಕೊಂಡ, ಪೆಟ್ಟೆಲ್ಲ ನನ್ನವ ಅದಾವ್ರೀ ಅಕ್ಕಾರ, ಆದ್ರ ಇದು ನಾ ಬಾರ್ಸಿದ್ದಲ್ಲ, ನಿಮ್ಮ ಉಸುರಿಗೆ ತಡದಾಂವ ಯಾರ್ರೀ? ಯಂತ್ರ ಅನ್ನಬೇಕು, ನಾನು ಅನ್ನಬೇಕು, ನೀವೇ ಬಂಡೆಪ್ಪ, ನೀವಲ್ಲದೆ ಇನ್ಯಾರು ಅನ್ನಬೇಕು, ರಾಮಸ್ವಾಮಿ ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ, ಪ್ರೂಫಿನ ಬ್ಯಾಗು ಇನ್ನೂ ಹೆಗಲಲ್ಲೇ ಇದೆ, ಹೇಳು, ಅವನು ಉತ್ತರಕ್ಕೂ ಕಾಯುತ್ತಿದ್ದಾನೆ, ಯಾವತ್ತಿನ ಹಾಗೆ ಅವಸರವಿಲ್ಲದೆ, ಉಸಿರು ತೆಗೆದುಕೊಂಡೆ, ಸಾಲಲಿಲ್ಲ, ಅವನ ಬೆರಳು ಮೊಣಕಾಲಿನಿಂದ ಒಂದು ಗೇಣು ಮೇಲೆ, ಇಳಿಯದೆ, ಬೆರಳು—