ನೂರ ಹನ್ನೆರಡನೇ ಮಾಡ್ಯೂಲು

ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಆಸ್ಪತ್ರೆಯ ನೆಲಮಾಳಿಗೆಯಿಂದಲೋ, ಕರ್ನಲ್ ಎಂದರೇನು ಎಂಬ ಪಾಠದಿಂದಲೋ? (ಪಾಠದಿಂದ ಶುರುವಾಗುವ ಡ್ರಾಫ್ಟ್ ಒಂದು ಬರೆದೆ. ನನಗೇ ಆಕಳಿಕೆ ಬಂತು, ಹರಿದು ಹಾಕಿದೆ.) ಹೋಗಲಿ, ಅವಳಿಂದಲೇ ಶುರುವಾಗಲಿ.

೧

ಅವಳನ್ನು ಆಫೀಸಿನಲ್ಲಿ ಎಲ್ಲರೂ ದುರ್ಬೀನು ಎನ್ನುತ್ತಿದ್ದರು. ಬೇರೆಯವರು ನೋಡಿಯೂ ಬಿಟ್ಟುಬಿಡುವುದನ್ನು ಇವಳು ಹಿಡಿದು ಜಗ್ಗುತ್ತಿದ್ದಳು. ಆಸ್ಪತ್ರೆಯ ಸರ್ವರುಗಳನ್ನು ಕಾಯುವುದು ಅವಳ ಕೆಲಸ. ಕಲಿಸಿದವರು ಪಕ್ಕದ ಕುರ್ಚಿಯ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಆ ನೆಲಮಾಳಿಗೆಯಲ್ಲಿ ಅವರಿಂದ ಕಲಿಯದವರು ಯಾರೂ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರು ಔಷಧಿ ವಿಭಾಗದ ಸರ್ವರನ್ನು ರಿಸ್ಟಾರ್ಟ್ ಮಾಡಿದ್ದನ್ನು ಅವಳು ಕಣ್ಣಾರೆ ಕಂಡಳು. ಯಾರು ಏನು ಕಮಾಂಡ್ ಕೊಟ್ಟರೂ ಬರೆದಿಟ್ಟುಕೊಳ್ಳುವ ಮೆಷಿನ್ನು ಅದು. ಮಧ್ಯಾಹ್ನ ದಾಖಲೆ ತೆರೆದರೆ, ಅಂಥದ್ದೊಂದು ನಡೆದೇ ಇಲ್ಲ.

೨

(ಪಾಠ ತಪ್ಪಲಿಲ್ಲ. ನಾಲ್ಕೇ ಸಾಲು, ಸಹಿಸಿಕೊಳ್ಳಿ.) ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳೇ ಕರ್ನಲ್. ಅದಕ್ಕೆ ಬೇಕಾದಾಗ ಜೋಡಿಸಿಕೊಳ್ಳುವ ಬಿಡಿಭಾಗಗಳು ಮಾಡ್ಯೂಲುಗಳು. ಯಾರಾದರೂ ಕದ್ದುಮುಚ್ಚಿ ಒಂದನ್ನು ತಿದ್ದಿದರೆ ಸಾಕು, ಮೆಷಿನ್ನು ತನ್ನ ಬಗ್ಗೆ ತಾನೇ ಸುಳ್ಳು ಹೇಳತೊಡಗಬಹುದು. ಎಲ್ಲ ಸರಿಯಿದೆಯಾ ಎಂದು ಅದನ್ನೇ ಕೇಳಿದರೆ ಸರಿಯಿದೆ ಎನ್ನುತ್ತದೆ.

ಆದ್ದರಿಂದ ಅವಳು ಅದನ್ನು ಕೇಳಲಿಲ್ಲ. ಕೆಲಸವನ್ನು ಬದಲಿ ಮೆಷಿನ್ನಿಗೆ ದಾಟಿಸಿ, ಇದನ್ನು ಆರಿಸಿ, ಡಿಸ್ಕು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿದಳು. ಒಂದಕ್ಷರ ತಿದ್ದಿದರೂ ಬದಲಾಗಿಬಿಡುವ ಪ್ರತಿ ಮಾಡ್ಯೂಲಿನ ಗುರುತಿನ ಅಂಕಿಯನ್ನೂ ಮೂಲ ಪಟ್ಟಿಯ ಜೊತೆ ತಾಳೆ ನೋಡಿದಳು. ನೂರ ಹನ್ನೊಂದು ಸರಿಹೋದವು. ನೂರ ಹನ್ನೆರಡನೆಯದು ಸರಿಹೋಗಲಿಲ್ಲ.

೩

ಅದು ಒಂದಿಷ್ಟು ಕಮಾಂಡುಗಳನ್ನೂ ಒಂದು ಫೋಲ್ಡರನ್ನೂ ಬಚ್ಚಿಡುತ್ತಿತ್ತು. ಹೊರಗಿನವರ ಕೈವಾಡ ಎಂದುಕೊಂಡೇ ಅವಳು ಫೋಲ್ಡರು ತೆರೆದಳು. ಒಳಗೆ ಪುಟ್ಟ ಪುಟ್ಟ ಟಿಪ್ಪಣಿಗಳು.

ಲಿಫ್ಟಿನಿಂದ ಇಳಿದು ಬಲಕ್ಕೆ, ಎರಡನೇ ಬಾಗಿಲು.

ಎಡಗಡೆ ಕುರ್ಚಿ: ದುರ್ಬೀನು. ನಾನೇ ಕಲಿಸಿದ್ದು. ಅವಳ ಟೀಗೆ ಸಕ್ಕರೆ ಬೇಡ.

ಹದಿನಾಲ್ಕನೇ ತಾರೀಖು: ಲ್ಯಾಬಿನದ್ದು ಅಂದುಕೊಂಡು ಔಷಧಿ ವಿಭಾಗದ ಸರ್ವರ್ ನಿಲ್ಲಿಸಿದೆ. ಇಪ್ಪತ್ತು ನಿಮಿಷ. ಯಾರಿಗೂ ಗೊತ್ತಾಗಿಲ್ಲ.

ಇಂಥ ತಪ್ಪುಗಳು ಹನ್ನೊಂದಿದ್ದವು. ಆ ಇಪ್ಪತ್ತು ನಿಮಿಷ ಮೇಲಿನ ವಾರ್ಡುಗಳಲ್ಲಿ ಯಾರು ಯಾವ ಔಷಧಿಗೆ ಕಾದರೋ, ಅದು ಅಲ್ಲಿ ಬರೆದಿರಲಿಲ್ಲ. ಅವಳು ಎರಡನೇ ಟಿಪ್ಪಣಿಯನ್ನು ಮತ್ತೆ ಮತ್ತೆ ಓದಿದಳು. ಅವಳಿಗೆ ಕಲಿಸಿದವರು ಒಬ್ಬರೇ.

೪

ಇಲ್ಲಿ ನಾನೊಂದು ಮುಕ್ತಾಯ ಬರೆದಿದ್ದೆ. ಅವಳು ಮಾಡ್ಯೂಲನ್ನು ಸದ್ದಿಲ್ಲದೆ ಕಿತ್ತು, ಯಾರಿಗೂ ಹೇಳದೆ, ಇನ್ನುಮುಂದೆ ಮೇಷ್ಟ್ರ ಬೆನ್ನಿಗೆ ನಿಲ್ಲುತ್ತಾಳೆ. ಅವಳು ಒಪ್ಪಲಿಲ್ಲ.

"ನಿಮ್ಮ ಕಥೆ ಚೆನ್ನಾಗಾಗುತ್ತೆ, ನಿಜ," ಎಂದಳು. "ಮೇಲೆ ಮಲಗಿರೋರಿಗೆ ಏನಂತ ಹೇಳ್ತೀರಿ?"

ಇನ್ನೊಂದು ಮುಕ್ತಾಯದಲ್ಲಿ ಮೇಷ್ಟ್ರು ಎಲ್ಲ ಒಪ್ಪಿಕೊಂಡು ಅತ್ತುಬಿಡುತ್ತಾರೆ. ಅದಕ್ಕೆ ಮೇಷ್ಟ್ರೇ ಬರಲಿಲ್ಲ. (ಪಾತ್ರಗಳ ಮೇಲೆ ನನ್ನ ಹಿಡಿತ ಇಷ್ಟೇ.)

೫

ನಡೆದದ್ದು ಹೀಗೆ. ಬುಧವಾರ ಬೆಳಿಗ್ಗೆ ಆ ಮಾಡ್ಯೂಲಿನ ಕೋಡನ್ನು ಪ್ರಿಂಟು ತೆಗೆದು ಮೇಷ್ಟ್ರ ಮುಂದಿಟ್ಟಳು. ಟಿಪ್ಪಣಿಗಳ ಮಾತೆತ್ತಲಿಲ್ಲ. ಅವರಾಗಿಯೇ ಹೇಳಲಿ ಎಂಬ ಆಸೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲಿನ ಕೆಳಗೆ ಬೆರಳಾಡಿಸಿದರು. ಅವರ ಮುಖ ಅರಳಿತು.

"ಎಷ್ಟು ಅಚ್ಚುಕಟ್ಟಾಗಿ ಬರೆದಿದಾನೆ ನೋಡು. ಕೆಲಸ ಗೊತ್ತಿರೋನು."

"ಯಾರಿರಬಹುದು, ಮೇಷ್ಟ್ರೇ?"

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಅವಳ ಕೈಗಿಟ್ಟರು.

"ಯಾರಾದ್ರೂ ಆಗಲಿ. ಮ್ಯಾನೇಜರಿಗೆ ಹೇಳಿಬಿಡಮ್ಮ. ಇಂಥವನನ್ನ ಒಳಗೆ ಇಟ್ಕೋಬಾರದು."

ಅವಳು ಅವರ ಮುಖವನ್ನೇ ನೋಡಿದಳು. ಏನೂ ತಿಳಿಯಲಿಲ್ಲ.

ಮಧ್ಯಾಹ್ನ ವರದಿ ಬರೆದಳು. ಮಾಡಿದವರ ಹೆಸರಿನ ಜಾಗದಲ್ಲಿ ಮೇಷ್ಟ್ರ ಹೆಸರು ಟೈಪು ಮಾಡಿದಳು, ಅಳಿಸಿದಳು, ಮತ್ತೆ ಟೈಪು ಮಾಡಿ ಕಳಿಸಿದಳು. ಶುಕ್ರವಾರ ಮ್ಯಾನೇಜರು ಮೇಷ್ಟ್ರನ್ನು ಒಳಗೆ ಕರೆದು, ಬಾಗಿಲು ಹಾಕಿಕೊಂಡು, ಮೆಲುದನಿಯಲ್ಲಿ ಮಾತಾಡಿದರಂತೆ. ಡಾಕ್ಟರು ನೋಡಿ ಹೇಳುವವರೆಗೆ ರಜೆ ಎಂದು ಅವರ ಗುರುತಿನ ಕಾರ್ಡು ತೆಗೆದುಕೊಂಡರು. ಮೇಷ್ಟ್ರು ಚೀಲ ಹಿಡಿದು ಲಿಫ್ಟಿನೊಳಗೆ ಹೋಗಿ ಸುಮ್ಮನೆ ನಿಂತೇ ಇದ್ದರು. ಅವಳು ಹೋಗಿ, ಒಳಗೆ ಕೈಚಾಚಿ ಬಟನ್ನು ಒತ್ತಿದಳು. ಬಾಗಿಲು ಮುಚ್ಚಿದ ಮೇಲೂ ಅವಳ ಚಾಚಿದ ಬೆರಳು ಇಳಿಯಲಿಲ್ಲ.

ತಪ್ಪುಗಳಾದ ಆ ಹನ್ನೊಂದು ದಿನಗಳ ಔಷಧಿ ರಿಜಿಸ್ಟರುಗಳನ್ನು ಆಸ್ಪತ್ರೆಯವರು ತೆಗೆಸಿದರು. ಒಂಬತ್ತರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಎರಡನ್ನು ಇನ್ನೂ ನೋಡುತ್ತಿದ್ದಾರೆ. ಅವಳು ದಿನಾ ಫೋನು ಮಾಡಿ ಕೇಳುತ್ತಾಳೆ.

೬

ಮಾಡ್ಯೂಲು ಬರೆದದ್ದು ತಾವೇ ಎಂಬುದು ಮೇಷ್ಟ್ರಿಗೆ ನಿಜಕ್ಕೂ ಮರೆತಿತ್ತಾ, ಇಲ್ಲ ಅವಳ ಕೈಯಿಂದಲೇ ತಮ್ಮನ್ನು ಹಿಡಿಸಿಕೊಟ್ಟರಾ? ನೀವು ಕೇಳುತ್ತೀರಿ. ಕಥೆ ಬರೆದವನಿಗಾದರೂ ಗೊತ್ತಿರಬೇಕಲ್ಲ. ಹಾಗಂದುಕೊಂಡೇ ನಾನು ಅವರ ಮನೆಗೆ ಹೋದೆ. ಪ್ರೀತಿಯಿಂದ ಕೂರಿಸಿದರು. ಕೇಳಬೇಕಾದ್ದನ್ನು ಕೇಳಿದೆ.

"ನೀವು ಯಾರು ಅಂದ್ರಿ?" ಎಂದರು.

ಹೇಳಿದೆ. ತಲೆಯಾಡಿಸಿದರು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಅದೇ ಮಾತು ಮತ್ತೊಮ್ಮೆ ಕೇಳಿದರು. ಆಗ ಅವರ ತುಟಿಯ ಅಂಚಿನಲ್ಲಿ ನಗುವಿನಂಥದ್ದೊಂದು ಹಾದು ಹೋಯಿತು. ನಗು ಅಲ್ಲದೆಯೂ ಇರಬಹುದು.