ಬಿಟ್ಟುಹೋದ ಅರ್ಧ ಸ್ವರ

ನಕಲಿರಾಯರ ಕೆಲಸ ಮೋಸದ್ದಲ್ಲ, ಹೆಸರಷ್ಟೇ ಹಾಗಿತ್ತು. ಸಂಗೀತ ನಿರ್ದೇಶಕರು ಎಂಬತ್ತು ವಾದ್ಯಗಳಿಗೂ ಸೇರಿಸಿ ಒಟ್ಟಿಗೆ ಬರೆದದ್ದನ್ನು ಪಿಟೀಲಿನವರಿಗೆ ಬೇರೆ, ಕೊಳಲಿನವರಿಗೆ ಬೇರೆ ಎಂದು ಬಿಡಿ ಹಾಳೆಗಳಲ್ಲಿ ನಕಲು ಮಾಡಿಕೊಡುವುದು ಅವರ ವೃತ್ತಿ. ನಕಲು ಮಾಡುವವನು ನಕಲಿರಾಯ ಎಂದು ವಾದ್ಯದವರು ನಾಮಕರಣ ಮಾಡಿದ್ದರು. ಆ ಹೆಸರಿಗೆ ಅವರೂ ನಗುತ್ತಿದ್ದರು, ಮಿಕ್ಕವರಿಗಿಂತ ತುಸು ಜೋರಾಗಿಯೇ.

ಆ ಭಾನುವಾರ ಮಧ್ಯಾಹ್ನ ಅವರು ಭಾವನ ಮನೆಯ ಊಟದ ಮೇಜಿನ ಮುಂದೆ ಕೂತಿದ್ದರು. ಅಕ್ಕನ ಮಗಳು, ರೇಡಿಯೋದಲ್ಲಿ ಕೆಲಸ ಮಾಡುವವಳು, ಮೇಜಿನ ಮೇಲೆ ಎರಡು ಸ್ಪೀಕರ್ ಇಟ್ಟುಕೊಂಡು, ದಾರಿ ತಪ್ಪಿದ ಗಗನನೌಕೆಯೊಂದರ ಕಥೆಯ ಆರು ಸಿನಿಮಾಗಳ ಸಂಗೀತವನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದಳು. ಅವಳ ಮುಂದಿನ ಕಾರ್ಯಕ್ರಮ ಅದೇ. ಮೂವತ್ತನಾಲ್ಕು ವರ್ಷಗಳಲ್ಲಿ ನೌಕೆಯ ಕಪ್ತಾನರು ಮೂವರು ಬಂದುಹೋಗಿದ್ದರು, ಸಂಗೀತ ನಿರ್ದೇಶಕರು ಇಬ್ಬರು. ನೌಕೆ ಮಾತ್ರ ಇನ್ನೂ ಮನೆ ಸೇರಿರಲಿಲ್ಲ. ಅದು ಮನೆ ಸೇರಿದರೆ ನಿರ್ಮಾಪಕರು ಬೀದಿಗೆ ಬರುತ್ತಿದ್ದರೆನ್ನಿ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭಾವ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕ ತೀರಿಕೊಂಡು ಆರು ತಿಂಗಳಾಗಿತ್ತು. ಭಾವ ಒಂದು ಕಾಲದಲ್ಲಿ, ಆ ಸಿನಿಮಾಗಳಿಗೆ ನುಡಿಸುತ್ತಿದ್ದ, ನಕಲಿರಾಯರೂ ಕೆಲಸಕ್ಕಿದ್ದ ವಾದ್ಯವೃಂದದಲ್ಲಿ ಹಾರ್ನ್ ಎಂಬ ಹಿತ್ತಾಳೆಯ ತುತ್ತೂರಿಯ ಮೊದಲ ವಾದಕರು. ಹಾರ್ನ್ ನುಡಿಸುತ್ತೇನೆ ಎಂದರೆ ಜನ ಯಾವ ಬಸ್ಸಿನದು ಎಂದು ಕೇಳುತ್ತಿದ್ದರು. ಆದರೆ ಅವರು ನುಡಿಸಿದ್ದನ್ನು ಕೇಳಿದವರು ಯಾರೂ ಆಮೇಲೆ ಹಾಗೆ ತಮಾಷೆ ಮಾಡಿದ್ದಿಲ್ಲ.

"ಕೇಳಿ ಮಾವ," ಎಂದಳು ಹುಡುಗಿ. "ಮೊದಲನೇ ಸಿನಿಮಾದಲ್ಲಿ ರಾಗ ಮೇಲೇರಿ ಕೊನೇ ಸ್ವರ ಸರಿಯಾಗಿ ಮುಟ್ಟುತ್ತೆ. ಎರಡನೇದ್ರಲ್ಲಿ ಒಂದೇ ಹಾರ್ನು, ಅರ್ಧ ಸ್ವರ ಕೆಳಗೇ ನಿಂತುಬಿಡುತ್ತೆ. ಮನೆ ಕಾಣ್ತಿದೆ, ಒಳಗೆ ಹೋಗೋಕಾಗ್ತಿಲ್ಲ ಅನ್ನೋ ಹಾಗೆ. ಮೂರನೇದ್ರಲ್ಲಿ ನಲವತ್ತು ಜನ ಹಾಡುಗಾರರು, ಅವರೂ ಅಲ್ಲೇ ನಿಲ್ತಾರೆ. ನಾಲ್ಕನೇದು ಬರೀ ತೂಕಡಿಕೆ. ಐದಕ್ಕೆ ಹೊಸಬ ಬಂದ, ಕಿವಿ ಕಿತ್ತುಹೋಗೋ ಹಾಗೆ ಡ್ರಮ್ಮು ಬಾರಿಸಿದ. ಆದ್ರೂ ಆ ಸ್ವರ ಬಿಡಲಿಲ್ಲ ನೋಡಿ! ಆರನೇದ್ರಲ್ಲಿ ಕೊಳಲು. ಇಡೀ ಸರಣಿಯ ಜೀವ ಇರೋದೇ ಆ ಅರ್ಧ ಸ್ವರದಲ್ಲಿ."

ಆರು ಸಿನಿಮಾಗಳಲ್ಲಿ ಐದನ್ನು ನಕಲಿರಾಯರು ನೋಡಿರಲೇ ಇಲ್ಲ. ಅವರಿಗೆ ಅದಕ್ಕೆ ಧೈರ್ಯವಿರಲಿಲ್ಲ.

ಹುಡುಗಿ ಚೀಲದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದಳು. "ರೆಕಾರ್ಡಿಂಗ್ ಸ್ಟುಡಿಯೋದ ಉಗ್ರಾಣದಲ್ಲಿ ಸಿಕ್ತು. ಎರಡನೇ ಸಿನಿಮಾದ ಹಾರ್ನಿನ ಹಾಳೆ. ನಿಮ್ಮದೇ ಕೈಬರಹ. ಇಲ್ನೋಡಿ, ಕೊನೇ ಸ್ವರಕ್ಕೆ ಅರ್ಧ ಸ್ವರ ಏರಿಸೋ ಗುರುತು ಇದೆ! ಅಂದ್ರೆ ಅಪ್ಪ ಬೇಕಂತಲೇ ಇಳಿಸಿ ನುಡಿಸಿದ್ದಾರೆ. ಅದಕ್ಕೇ ಅಲ್ವಾ ಅವರನ್ನ ಆಚೆ ಹಾಕಿದ್ದು? ಈ ಸ್ವರ ನಮ್ಮಪ್ಪಂದು ಅಂತ ರೇಡಿಯೋದಲ್ಲಿ ಹೇಳ್ತೀನಿ."

"ಹೇಳ್ಬೇಡ," ಎಂದರು ಭಾವ ಕಣ್ಣು ತೆರೆಯದೆ. "ನಾನು ಬರೆದಿದ್ದನ್ನೇ ನುಡಿಸಿದ್ದು. ಅವತ್ತು ಆ ಗುರುತು ಇರ್ಲಿಲ್ಲ."

ರೆಕಾರ್ಡಿಂಗ್ ನಡೆದ ದಿನವೂ ಅವರು ಇದೇ ಮಾತು ಹೇಳಿದ್ದರು. ಕೊನೆಯ ಸ್ವರ ತಪ್ಪಿದ್ದು ಕೇಳಿ ಸಂಗೀತ ನಿರ್ದೇಶಕರು ಕೆಂಡವಾಗಿ, ಚಹಾ ಕುಡಿದು ಬಂದು ಹಾಳೆ ನೋಡುವುದಾಗಿ ಹೊರನಡೆದಿದ್ದರು. ಗುರುತು ಬಿಟ್ಟದ್ದು ತಾವೇ ಎಂದು ನಕಲಿರಾಯರಿಗೆ ಹೊಳೆದಿತ್ತು. ಆ ತಿಂಗಳು ಅದು ಅವರ ಮೂರನೆಯ ತಪ್ಪು, ಇನ್ನೊಂದಾದರೆ ಮನೆಗೆ ಎಂದು ಎಚ್ಚರಿಕೆ ಬಂದಿತ್ತು. ಎಲ್ಲರೂ ಚಹಾಕ್ಕೆ ಹೋದಾಗ ಅವರು ಭಾವನ ಖಾಲಿ ಕುರ್ಚಿಯ ಮುಂದೆ ಬಗ್ಗಿ ನಿಂತು, ಬಿಟ್ಟುಹೋಗಿದ್ದ ಗುರುತನ್ನು ಬರೆದು, ಶಾಯಿ ಆರಲೆಂದು ಊದಿದರು. ಭಾವನಿಗೇನು, ದೊಡ್ಡ ವಾದಕರು, ಒಂದು ಬೈಗುಳ ತಿಂದು ಮರೆಯುತ್ತಾರೆ ಎಂದುಕೊಂಡರು.

ಆದರೆ ಭಾವ ಬೈಗುಳ ತಿನ್ನಲಿಲ್ಲ. ಎಂಬತ್ತು ಜನರ ಮುಂದೆ, ಕಣ್ಣೆದುರು ಗುರುತಿದ್ದರೂ, ಇರಲಿಲ್ಲ ಎಂದೇ ವಾದಿಸಿದರು. ಸುಳ್ಳ ಎನಿಸಿಕೊಂಡು ಹಾರ್ನನ್ನು ಪೆಟ್ಟಿಗೆಗೆ ಹಾಕಿ ಹೊರಟುಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮತ್ತೆ ಯಾವ ವಾದ್ಯವೃಂದವೂ ಅವರನ್ನು ಕರೆಯಲಿಲ್ಲ, ಶಾಲಾ ಮಕ್ಕಳಿಗೆ ಬ್ಯಾಂಡು ಕಲಿಸಿ ನಿವೃತ್ತರಾದರು. ಇತ್ತ ಸಿನಿಮಾ ನಿರ್ದೇಶಕರಿಗೆ ಆ ತಪ್ಪು ಸ್ವರವೇ ಹಿಡಿಸಿತು, ಅದೇ ತೆರೆಗೆ ಬಂತು, ಜನ ಅತ್ತರು. ಸಂಗೀತ ನಿರ್ದೇಶಕರು ಆ ಒಂದು ಸ್ವರಕ್ಕಾಗಿ ತಾವು ಒಂದು ವಾರ ತಲೆ ಕೆಡಿಸಿಕೊಂಡಿದ್ದಾಗಿ ಹೋದಲ್ಲೆಲ್ಲ ಹೇಳಿಕೊಂಡರು.

ಈಗ ಸುಮ್ಮನಿದ್ದರೆ ಭಾವನಿಗೆ ಕೀರ್ತಿಯೇ ಸಿಗುತ್ತದೆ, ತನ್ನ ಮಾನವೂ ಉಳಿಯುತ್ತದೆ. ನಕಲಿರಾಯರು ಅಷ್ಟೂ ಯೋಚಿಸಿದರು. ಯೋಚಿಸುತ್ತ ಭಾವನ ಮುಖ ನೋಡಿದರು. ಮಗಳೂ ತನ್ನ ಮಾತು ನಂಬುತ್ತಿಲ್ಲ ಎಂಬುದು ಆ ಮುಖಕ್ಕೆ ಹೊಸದೇನಾಗಿರಲಿಲ್ಲ. ಅದನ್ನು ನೋಡಲಾಗಲಿಲ್ಲ.

"ಭಾವ, ನೀವು ಹೇಳ್ತಿರೋದೇ ನಿಜ. ಗುರುತು ಇರ್ಲಿಲ್ಲ. ನಾನು ಬಿಟ್ಟಿದ್ದೆ. ನೀವು ಚಹಾಕ್ಕೆ ಹೋದಾಗ ಬರೆದೆ."

ಹುಡುಗಿ ಸ್ಪೀಕರ್ ಆರಿಸಿದಳು. ಭಾವ ಬೈಯಲಿಲ್ಲ, ಏಳಲಿಲ್ಲ. ಕಣ್ಣು ತೆರೆದು ಭಾಮೈದನ ಕಡೆ ತಿರುಗಿದರು.

"ನಿಮ್ಮಕ್ಕ ಏನಂದ್ಕೊಂಡಿದ್ಲು ಗೊತ್ತೇನೋ?" ಎಂದು ಕೇಳಿದರು. "ನಾನು ಅವತ್ತು ಕುಡಿದು ನುಡಿಸೋಕೆ ಹೋಗಿದ್ದೆ ಅಂತ. ಎಷ್ಟು ಆಣೆ ಇಟ್ರೂ ನಂಬಲಿಲ್ಲ. ನೀನು ಅಲ್ಲೇ ಇದ್ಯಲ್ಲ, ನಿನ್ನನ್ನೇ ಕೇಳಿದ್ಲಂತೆ."

ಕೇಳಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು, ತಗ್ಗಿದ ದನಿಯಲ್ಲಿ. ನಕಲಿರಾಯರು ಆಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಹೊರಟಿದ್ದರು.

"ಭಾವನ ಮಾನ ಉಳಿಸೋಕೆ ನನ್ನ ತಮ್ಮ ಬಾಯಿ ಬಿಡ್ತಿಲ್ಲ ಅಂದ್ಕೊಂಡ್ಲು," ಎಂದರು ಭಾವ. "ಕೊನೇವರೆಗೂ ನನಗೆ ಅದನ್ನೇ ಹೇಳ್ತಿದ್ಲು. ‘ನಿಮ್ಮನ್ನ ಬಿಟ್ಟುಕೊಡದೇ ಇರೋವಷ್ಟು ಒಳ್ಳೆಯವನು ನನ್ನ ತಮ್ಮ’ ಅಂತ."