ಹತ್ತು ವೀಳ್ಯ

ಆ ಕಟ್ಟಳೆ ಹುಟ್ಟಿದ್ದೇ ನನ್ನ ಗಂಡನ ಬಾಯಿಂದ. ಮೊದಲ ಸಲ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಸರ್ಕಾರದವರೆಲ್ಲ ಓಡಿಹೋದಾಗ, ದೇವಲಾಪುರದ ಸುತ್ತಿನ ಹತ್ತು ಜನ ಯಜಮಾನರು ಹುಣಸೆಮರದ ಕೆಳಗೆ ಕೂತು ನಾಡಕಟ್ಟೆ ಮಾಡಿಕೊಂಡರು. ಕೆರೆ ನೀರು, ಗಡಿ ಜಗಳ, ಕಳ್ಳತನ ಎಲ್ಲ ಅಲ್ಲೇ ತೀರುತ್ತಿತ್ತು. ಕಮ್ಮಾರರ ಕಡೆಯಿಂದ ಕೂತವನು ನನ್ನ ಗಂಡ ನರಸಯ್ಯ. ಮಾತು ಮೀರಿದವನಿಗೆ ಊರಿನ ಬೆಂಕಿ, ನೀರು, ಸೂಲಗಿತ್ತಿ ಯಾವುದೂ ಇಲ್ಲ, ಹತ್ತು ಜನವೂ ಕೂತು ವೀಳ್ಯ ಮೆಲ್ಲುವತನಕ ಆ ಶಿಕ್ಷೆ ತೆಗೆಯಬಾರದು ಎಂದು ಮೀಸೆ ತಿರುವಿ ಹೇಳಿದವನೂ ಅವನೇ. ಎಲ್ಲರೂ ಭಲೆ ಅಂದರು. ಅವನ ಬಾಯಿಗಿಷ್ಟು ಮಣ್ಣು ಹಾಕ!

ಏಳು ವರ್ಷ ನಡೆಯಿತು. ಈ ಬೇಸಿಗೆಯಲ್ಲಿ ಯಾವುದೋ ದಂಡಿನವರು ಕತ್ತಿ ತೋರಿಸಿ ಅವನ ಕೈಲಿ ಗಾಡಿಚಕ್ರಕ್ಕೆ ಪಟ್ಟಿ ಹೊಡೆಸಿಕೊಂಡರು. ಹಗೆಯವರ ಕೆಲಸ ಮಾಡಿದ ಎಂದು ಕಟ್ಟೆ ಅವನನ್ನೇ ಹೊರಗಿಟ್ಟಿತು. ಹುಣ್ಣಿಮೆಗೆ ಕೂತು ತೆಗೆಯೋಣ ಅಂದರು. ಹುಣ್ಣಿಮೆಗೆ ಮುಂಚೆ ಪಟ್ಟಣ ಹಗೆಯವರ ಕೈಗೆ ಬಿತ್ತು. ಹೊಸ ಅಮಲ್ದಾರ ಬಂದವನೇ ಡಂಗುರ ಹೊಡೆಸಿದ: ಇನ್ನು ಕಟ್ಟೆ ಇಲ್ಲ, ಕೂತವರಿಗೆ ಚಾಟಿ.

"ಕಟ್ಟೇನೇ ಓಯ್ತು, ನನ್ ಸಿಕ್ಸೇನೂ ಓಯ್ತು ಕಣೇ!" ಎಂದು ಅವನು ಕುಣಿದ. ನಾನೂ ನಕ್ಕೆ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಅವನು ಯಜಮಾನ ತಮ್ಮಯ್ಯನ ಮನೆಗೆ ಓಡಿದ.

"ಹತ್ ಜನ ಆಕಿದ್ದನ್ನ ಹತ್ ಜನವೇ ತಗೀಬೇಕು ಕಣ್ಲಾ. ನೀನೇ ಏಳಿದ್ದಲ್ವಾ?" ಅಂದ ತಮ್ಮಯ್ಯ. "ಈಗ ಕೂತ್ರೆ ಬೆನ್ ಸುಲೀತಾರೆ."

ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಸುಬ್ಬಿಗೆ ಮರುದಿನ ಬೆಳಿಗ್ಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಚಿಕ್ಕಬೋರಮ್ಮ ಬಂದಳು, ಬಾಗಿಲಾಚೆಯೇ ಅಳುತ್ತಾ ನಿಂತಳು.

"ವೀಳ್ಯ ಆಗ್ಲಿ ಕಣಕ್ಕಾ, ಒಳಕ್ ಬತ್ತೀನಿ. ಈಗ್ಲೇ ಬಂದ್ರೆ ನನ್ ಮಕ್ಕಳ್ಗೂ ನೀರಿಲ್ಲ."

ಅವನು ಹತ್ತು ವೀಳ್ಯ ಹಿಡಿದು ಯಜಮಾನರ ಮನೆಮನೆ ಸುತ್ತಿದ. ಯಾರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಹುಣಸೆಮರದ ಕೆಳಗೆ ಹತ್ತು ಜಾಗದಲ್ಲೂ ಒಂದೊಂದು ಇಟ್ಟು, ಹತ್ತು ಜನರ ಪರವಾಗಿ ತಾನೇ ಅಗಿಯತೊಡಗಿದ. ಐದನೆಯದು ಬಾಯಲ್ಲಿದ್ದಾಗ ಅಮಲ್ದಾರನ ಪ್ಯಾದೆಗಳು ಬಂದರು. ಕಟ್ಟೆ ನಡೆಸಿದ ತಪ್ಪಿಗೆ ಅದೇ ಮರಕ್ಕೆ ಬಿಗಿದು ಚಾಟಿಯಲ್ಲಿ ಬಾರಿಸಿದರು. ತಮ್ಮಯ್ಯ ಬಾಗಿಲ ಸಂದಿಯಿಂದ ನೋಡುತ್ತಿದ್ದನಂತೆ.

ಸಂಜೆ ತೆವಳಿಕೊಂಡು ಬಂದ. ಚಿಕ್ಕಬೋರಮ್ಮ ಇನ್ನೂ ಬಾಗಿಲಲ್ಲೇ ಇದ್ದಳು.

"ಹತ್ತೂ ಆಯ್ತಾ ನರಸಣ್ಣ?"

"ಐದು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಒಳಗೆ ಸುಬ್ಬಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಮಗು ಹೊಟ್ಟೆಯಲ್ಲೇ. ಅವನು ಮಗಳ ಮೈ ತೊಳೆಯಬೇಕಲ್ಲ ಎಂದು ಕೊಡ ಎತ್ತಿಕೊಂಡು ಬಾವಿಯ ಕಡೆ ಹೊರಟ.

ನನ್ನ ಹೊಟ್ಟೆಯ ಬೆಂಕಿ ಬಾಯಿಗೆ ಬಂತು. ಹಿಂದಿನಿಂದ ಕೂಗಿದೆ:

"ಇನ್ನೂ ಐದು ಉಳ್ದವೆ ಕಣಯ್ಯಾ, ಅಗ್ದ್‌ಬುಟ್ಟು ಓಗು!"